ಜೇಬಿಲ್ಲದ ಉಪದೇಶಿಗಳು

ಉಪದೇಶಿ ಸಮಾಧಾನಪ್ಪನವರ ಅಂಗಿಗೆ ಜೇಬು ಇರುತ್ತಿರಲಿಲ್ಲ. ಹರಿದುಹೋದದ್ದಲ್ಲ, ದರ್ಜಿ ಮರೆತದ್ದೂ ಅಲ್ಲ. ಬಟ್ಟೆ ಕೊಡುವಾಗಲೇ ಜೇಬು ಬೇಡವೆಂದು ಹೇಳಿ ಹೊಲಿಸುತ್ತಿದ್ದರು. ಉಳಿದ ತುಂಡಿನಲ್ಲಿ ಒಂದು ಕರ್ಚೀಫಾದರೂ ಮಾಡಿಕೊಡಲೇ ಎಂದು ನಮ್ಮ ಬೀದಿಯ ದರ್ಜಿ ಪ್ರತಿಸಲ ಕೇಳುತ್ತಿದ್ದ. ಅದನ್ನು ಇಟ್ಟುಕೊಳ್ಳುವುದೆಲ್ಲಿ ಎಂದು ಇವರು ಪ್ರತಿಸಲ ನಗುತ್ತಿದ್ದರು. ಹೊಸಬರು ಯಾರಾದರೂ ಕಾರಣ ಕೇಳಿದರೆ ಮಾತ್ರ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು: “ಜೇಬು ಇದ್ರೆ ಅದ್ರಾಗೆ ಕೈ ಹೋಗ್ತೈತೆ. ಕೈ ಹೋದ ಕಡೆ ಮನಸು ಹೋಗ್ತೈತೆ. ಅದ್ಕೆ ಮೊದ್ಲೇ ಕತ್ತರಿ ಹಾಕ್ಸೀನಿ.”

ನಮ್ಮ ಅಪ್ಪ ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಅವರಿಗೆ ಈ ಜೇಬಿಲ್ಲದ ವೈರಾಗ್ಯದ ಮೇಲೆ ಸ್ವಲ್ಪ ಸಿಟ್ಟು. ಉಪದೇಶಿಗಳು ಬಸ್ಸು ಹತ್ತಿ, ಕಿಟಕಿ ಪಕ್ಕ ಕುಳಿತು, ಆಕಾಶ ನೋಡುತ್ತಾ ನಗುತ್ತಿದ್ದರಂತೆ. ಪಕ್ಕದವರು ಯಾರೋ ನಾಚಿಕೊಂಡು ಇವರ ಟಿಕೆಟ್ಟನ್ನೂ ತೆಗೆಯುತ್ತಿದ್ದರು. ಯಾರೂ ತೆಗೆಯದಿದ್ದರೆ ಅಪ್ಪನೇ ತಮ್ಮ ಕೈಯಿಂದ ಹಾಕುತ್ತಿದ್ದರು. ಮನೆಗೆ ಬಂದು, ಈ ಮನುಷ್ಯ ಪರಲೋಕಕ್ಕೂ ಬೇರೆಯವರ ಟಿಕೆಟ್ಟಿನಲ್ಲೇ ಹೋಗುತ್ತಾನೆ ನೋಡು ಎಂದು ಅಮ್ಮನ ಮುಂದೆ ಗೊಣಗುತ್ತಿದ್ದರು. ಅಮ್ಮ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಉಪದೇಶಿಗಳ ಬಗ್ಗೆ ಒಂದು ಕೊಂಕು ಮಾತು ಎತ್ತಿದರೂ ಅವಳಿಗೆ ಆಗುತ್ತಿರಲಿಲ್ಲ, ನನಗಂತೂ ಮೊದಲೇ ಆಗುತ್ತಿರಲಿಲ್ಲ.

ಪಾದ್ರಿಯಾಗುವಷ್ಟು ಓದಿಲ್ಲದೆ, ಹಳ್ಳಿ ಹಳ್ಳಿ ತಿರುಗಿ ಬೈಬಲಿನ ವಾಕ್ಯ ಹೇಳಿ ಪ್ರಾರ್ಥನೆ ಮಾಡಿಸುವವರನ್ನು ನಮ್ಮಲ್ಲಿ ಉಪದೇಶಿ ಎನ್ನುತ್ತೇವೆ. ಸಮಾಧಾನಪ್ಪನವರು ಹಿರಿಯೂರು ಕಡೆಯವರು. ಎಪ್ಪತ್ತರ ದಶಕದ ಆರಂಭದಲ್ಲಿ ಹಳೆಯ ಚರ್ಚು ಸಭೆಯೊಂದನ್ನು ಬಿಟ್ಟು ಚಿತ್ರದುರ್ಗಕ್ಕೆ ಬಂದು, ಶೇಂಗಾ ಎಣ್ಣೆ ಮಿಲ್ಲಿನ ಹಿಂದಿದ್ದ ಪಾಳುಗೋದಾಮಿನಲ್ಲಿ ಪ್ರಾರ್ಥನೆಯ ಕೂಟ ಶುರುಮಾಡಿದರು. ಅಲ್ಲಿ ಬೆಂಚಿಲ್ಲ, ಕುರ್ಚಿಯಿಲ್ಲ. ಆಸ್ಪತ್ರೆಯ ಆಯಾಗಳು, ಇಸ್ಕೂಲಿನ ಜವಾನರು, ಮಿಲ್ಲಿನ ಕೂಲಿಯವರು, ನಮ್ಮಂಥ ಕಂಡಕ್ಟರ್ ಮನೆಯವರು ಎಲ್ಲ ಒಂದೇ ಚಾಪೆಯ ಮೇಲೆ. ಪ್ರಾರ್ಥನೆ ಮುಗಿಸಿ ಮನೆಗೆ ಬಂದರೆ ಸೀರೆಯ ತುಂಬ ಹಿಂಡಿಯ ವಾಸನೆ. ನನಗೆ ಈಗಲೂ ಎಣ್ಣೆ ಗಾಣದ ಮುಂದೆ ಹಾದರೆ ಕೀರ್ತನೆ ನೆನಪಾಗುತ್ತದೆ.

ಮಾತು ಎಂದರೆ ಮಾತು ಅವರದು. ಐಶ್ವರ್ಯವಂತ ಪರಲೋಕ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದರೆ ನಮ್ಮ ಜನಕ್ಕೆ ಏನು ಗೊತ್ತು? ಒಂಟೆ ನೋಡಿದವರೇ ಕೂಟದಲ್ಲಿ ಇರಲಿಲ್ಲ. ಅದಕ್ಕೆ ಅವರು ಮಕ್ಕಳನ್ನು ಮುಂದೆ ಕೂರಿಸಿಕೊಂಡು ಕೇಳುತ್ತಿದ್ದರು: “ಭೀಮಸಮುದ್ರದಿಂದ ಅಡಿಕೆ ತುಂಬ್ಕಂಡು ಲಾರಿ ಬರ್ತೈತಲ್ಲ, ಅದು ಕೋಟೆ ಕಿಂಡಿಯಾಗೆ ನುಗ್ತೈತಾ?” ಮಕ್ಕಳು ಇಲ್ಲ ಎಂದು ಕೂಗಿದರೆ, ಅಡಿಕೆ ಇಳಿಸಿದರೆ ನುಗ್ಗುತ್ತದೆಯೇ ಎಂದು ಕೇಳುವರು. ಆಗಲೂ ಇಲ್ಲ. ಲಾರಿಯನ್ನೇ ಬಿಟ್ಟು ಡ್ರೈವರ್ ಒಬ್ಬನೇ ನಡೆದು ಬಂದರೆ? ನುಗ್ಗುತ್ತಾನೆ ಎಂದು ಮಕ್ಕಳು ಕುಣಿಯುತ್ತಿದ್ದವು. ದೊಡ್ಡವರು ತಲೆದೂಗುತ್ತಿದ್ದೆವು.

ಹೇಳಿದಂತೆಯೇ ಬದುಕುತ್ತಿದ್ದರು ಎನ್ನುವುದೇ ನಮಗೆ ದೊಡ್ಡ ವಿಷಯ. ಮನೆ ಒಂದೇ ಕೋಣೆ, ಹೆಂಚು ಸರಿಯಿಲ್ಲ, ಬಾಗಿಲಿಗೆ ಬೀಗವಿಲ್ಲ. ಒಮ್ಮೆ ಆಸ್ಪತ್ರೆಯ ಆಯಾ ಒಬ್ಬಳು ಪ್ರೀತಿಯಿಂದ ಒಂದು ಟ್ರಾನ್ಸಿಸ್ಟರ್ ರೇಡಿಯೋ ತಂದುಕೊಟ್ಟಳು. ಉಪದೇಶಿಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಆಸೆಯಿಂದಲೇ ನೋಡಿ, ವಾಪಸು ಕೊಟ್ಟರು. “ರೇಡಿಯೋ ಬಂದ್ರೆ ಬೀಗ ಬೇಕು. ಬೀಗ ಬಂದ್ರೆ ಕಳ್ಳ ಬರ್ತಾನೆ. ಕಳ್ಳನ್ನ ಯಾಕೆ ಕರ್ಸಾಣ ತಾಯಿ?” ಅವರ ಹೆಂಡತಿ ಮಾರ್ತಮ್ಮ ಬಾಗಿಲ ಸಂದಿಯಿಂದ ಆ ರೇಡಿಯೋ ಹೋಗುವುದನ್ನೇ ನೋಡುತ್ತಿದ್ದರು. ಆ ನೋಟ ನಾನು ಕಂಡೆ, ಆದರೆ ಅದಕ್ಕೆ ಬೆಲೆ ಕೊಡಲಿಲ್ಲ. ಉಪದೇಶಿಗಳ ಹೆಂಡತಿಗೆ ಇನ್ನೂ ಲೋಕದ ಆಸೆ ಹೋಗಿಲ್ಲವಲ್ಲ ಎಂದುಕೊಂಡೆ, ಅಷ್ಟೇ.

ನಾನಾಗ ಟೀಚರ್ ಟ್ರೈನಿಂಗ್ ಮುಗಿಸಿ ಪ್ರೈಮರಿ ಶಾಲೆಗೆ ಸೇರಿದ್ದೆ. ಗಂಟಲು ಚೆನ್ನಾಗಿತ್ತು, ಕೂಟದಲ್ಲಿ ಕೀರ್ತನೆ ಎತ್ತಿಕೊಡುವ ಕೆಲಸ ನನ್ನದು. ನಾನು ಮೊದಲ ಸಾಲು ಎತ್ತದೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಆ ವರ್ಷ ಮಳೆ ಚೆನ್ನಾಗಿ ಆಗಿ ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರು ನಿಂತಿತ್ತು. ಉಪದೇಶಿಗಳು ನಮಗೆಲ್ಲ ಅಲ್ಲಿ ದೀಕ್ಷಾಸ್ನಾನ ಎಂದು ಗೊತ್ತುಮಾಡಿದರು. ಅದಕ್ಕೆ ಹಿಂದಿನ ಕೆಲವು ಭಾನುವಾರಗಳಿಂದ ಅವರ ಉಪದೇಶವೆಲ್ಲ ಒಂದೇ: ಮೈಮೇಲಿನ ಬಂಗಾರ. ಬಂಗಾರ ಹೊತ್ತುಕೊಂಡು ನೀರಿಗೆ ಇಳಿದವರು ಅದೇ ಮನುಷ್ಯರಾಗಿ ಮೇಲೆ ಏಳುತ್ತಾರೆ, ಹೊಸಬರಾಗುವುದಿಲ್ಲ. ಹಾಗೆಂದು ಯಾರಿಗೂ ತೆಗೆಯಿರಿ ಎಂದು ಅವರು ನೇರವಾಗಿ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ನಮ್ಮ ಎದೆಗೆ ಅದು ಹಾಗೆ ಇಳಿದಿತ್ತು.

ನೀರಿನಂಚಿನಲ್ಲಿ ಮೊದಲು ಕೈ ಕಿವಿಗೆ ಹಾಕಿದವಳು ನನ್ನ ಅಮ್ಮ. ಮದುವೆಯಲ್ಲಿ ತವರಿನವರು ಹಾಕಿದ್ದ ಓಲೆ, ಅಂದಿನಿಂದ ತೆಗೆದೇ ಇರಲಿಲ್ಲ. ತಿರುಪು ಕಚ್ಚಿಕೊಂಡುಬಿಟ್ಟಿತ್ತು. ಯಾರೋ ಸೋಪು ಹಚ್ಚಿದರು. ನಾನೇ ತಿರುಗಿಸಿ ಬಿಚ್ಚಿದೆ, ಸ್ವಲ್ಪ ರಕ್ತವೂ ಬಂತು, ಅಮ್ಮ ಕಣ್ಣು ಮುಚ್ಚಿ ನಗುತ್ತಿದ್ದಳು. ಆಮೇಲೆ ನನ್ನ ಮದುವೆಗೆಂದು ಅವಳು ಎತ್ತಿಟ್ಟಿದ್ದ ಎರಡೆಳೆ ಸರ, ನನ್ನ ಕಿವಿಯ ರಿಂಗು. ಆಮೇಲೆ ಆಯಾಗಳ ಮೂಗುಬೊಟ್ಟು, ಕೂಲಿಯ ಹೆಂಗಸರ ಕೊರಳಿನ ಗುಂಡು. ಉಪದೇಶಿಗಳು ಅದನ್ನು ಕೈಯಿಂದ ಮುಟ್ಟಲಿಲ್ಲ. ಹೆಗಲ ಮೇಲಿದ್ದ ಟವೆಲನ್ನು ಕಲ್ಲಿನ ಮೇಲೆ ಹಾಸಿ ಪಕ್ಕಕ್ಕೆ ನಿಂತರು. ಒಬ್ಬೊಬ್ಬರೇ ಹೋಗಿ ಅದರ ಮೇಲೆ ಇಟ್ಟು ನೀರಿಗೆ ಇಳಿದೆವು. ನೀರಿನಿಂದ ಎದ್ದಾಗ ಕುತ್ತಿಗೆ, ಕಿವಿ ಎಷ್ಟು ಹಗುರ ಎನಿಸಿತ್ತೆಂದರೆ, ನನ್ನ ಜನ್ಮದಲ್ಲಿ ಅಂಥ ಸಂತೋಷ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಬರಲಿಲ್ಲ. ಅಪ್ಪ ಮಾತ್ರ ದೂರದಲ್ಲಿ ಹುಣಸೆಮರದ ಕೆಳಗೆ ಬೀಡಿ ಸೇದುತ್ತಾ ನಿಂತಿದ್ದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ ಬಂಗಾರದಲ್ಲಿ ಸಮಾಧಾನಪ್ಪನವರು ಒಂದು ಗುಲಗಂಜಿಯಷ್ಟನ್ನೂ ಮನೆಗೆ ಒಯ್ಯಲಿಲ್ಲ. ಗೋದಾಮಿಗೆ ಹೊಸ ಜಿಂಕ್ ಶೀಟು ಹಾಕಿಸಿದರು, ಉಳಿದದ್ದಕ್ಕೆ ಗೋಡೆ ಗಿಲಾವು ಮಾಡಿಸಿದರು. ಎಲ್ಲರೆದುರಿಗೇ ಆಯಿತು. ಕದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕಳ್ಳನನ್ನು ಬೈದು ಮರೆಯುವುದು ಸುಲಭ.

ಊರಿಗೆ ಬಂದ ಮೇಲೆ ತಮಾಷೆ ಶುರುವಾಯಿತು. ಗಂಡ ಇರುವ ಹೆಂಗಸು ಬೋಳು ಕಿವಿಯಲ್ಲಿ ನೀರಿಗೆ ಬಂದರೆ ನಲ್ಲಿಯ ಹತ್ತಿರ ಬಿಟ್ಟಾರೆಯೇ? ಪಕ್ಕದ ಮನೆಯ ವೀರಮ್ಮ, ಮಠಕ್ಕೆ ನಡೆದುಕೊಳ್ಳುವ ವ್ಯಾಪಾರಸ್ಥರ ಮನೆಯವರು, ಗಾಬರಿಯಾಗಿ ಒಳಗೇ ಬಂದರು. “ಕಂಡಕ್ಟರು ಚೆನ್ನಾಗವ್ರಲ್ಲವ್ವ? ಮತ್ತೆ ಇದೇನು ಅನಿಷ್ಟ?” ಅಮ್ಮ ಎಲ್ಲ ವಿವರಿಸಿದಳು. ವೀರಮ್ಮ ಪೂರ್ತಿ ಕೇಳಿ, ದೇವರು ಕೊಡು ಎಂದು ಕೇಳುವುದುಂಟು, ತೆಗೆ ಎಂದು ಕೇಳುವುದನ್ನು ಇದೇ ಮೊದಲು ಕಂಡದ್ದು ಎಂದರು. ಹೋಗುವಾಗ ಪೊರಕೆಯಿಂದ ಎರಡು ಕಡ್ಡಿ ಮುರಿದು ಅಮ್ಮನ ಕೈಗಿಟ್ಟು, ತೂತು ಮುಚ್ಚಿಹೋಗದಂತೆ ಅದನ್ನಾದರೂ ಇಟ್ಟುಕೊ ಎಂದರು. ಅಮ್ಮ ಉಪದೇಶಿಗಳನ್ನು ಕೇಳಿದಳು. ತೂತು ಉಳಿಸಿಕೊಂಡರೆ ಆಸೆ ಉಳಿಸಿಕೊಂಡ ಹಾಗೆ ಎಂದು ಅವರು ಹೇಳಿದರು. ಅಮ್ಮ ಕಡ್ಡಿಗಳನ್ನು ಒಲೆಗೆ ಹಾಕಿದಳು. ಬೇಸಿಗೆಯ ಹೊತ್ತಿಗೆ ಅವಳ ಕಿವಿಯ ತೂತು ಮುಚ್ಚಿಕೊಂಡಿತು.

ಅದೇ ಬೇಸಿಗೆಯಲ್ಲಿ ಉಪದೇಶಿಗಳು ಮಾರ್ತಮ್ಮನವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವರ ಒಬ್ಬನೇ ಮಗ ಜಯಕರ, ಬಿ.ಕಾಂ. ಓದುತ್ತಿದ್ದ, ಒಳ್ಳೆಯ ಹುಡುಗ, ತಲೆ ಎತ್ತಿ ಮಾತಾಡದವನು. ಅವನಿಗೆ ನನ್ನನ್ನು ಕೇಳಿದರು. ವಾಚು, ಸೈಕಲ್ಲು, ಸೂಟು ಎಂದು ನಮ್ಮವರಲ್ಲೂ ಗಂಡಿನ ಕಡೆಯವರು ಕೇಳುತ್ತಿದ್ದ ಕಾಲ. ಅಪ್ಪ ಅದಕ್ಕೇ, ನಮ್ಮಲ್ಲಿ ಇದ್ದದ್ದು ಶೀಟಾಗಿ ನಿಮ್ಮ ತಲೆಯ ಮೇಲಿದೆ, ಇನ್ನೇನೂ ಇಲ್ಲ ಎಂದರು. ಉಪದೇಶಿಗಳು ಗಟ್ಟಿಯಾಗಿ ನಕ್ಕರು. “ನಮ್ ಕೂಟದಾಗೆ ತಾಳಿ ಇಲ್ಲ, ಉಂಗ್ರ ಇಲ್ಲ ಕಂಡಕ್ಟ್ರೇ. ಹುಡ್ಗ ಒಂದು ಸತ್ಯವೇದ ಕೊಡ್ತಾನೆ, ಹುಡ್ಗಿ ಒಂದು ಕೊಡ್ತಾಳೆ. ಬರಿಗೈಯಾಗೆ ಬರ್ಲಿ ನನ್ ಸೊಸೆ. ಅದೇ ನಂಗೆ ಹೆಮ್ಮೆ.” ಮುಂದಿನ ಭಾನುವಾರ ಕೂಟದಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿದರು. ಜಯಕರನಿಗೆ ಕೆಲಸ ಸಿಕ್ಕ ಕೂಡಲೇ ಮದುವೆ ಎಂದಾಯಿತು. ದಾವಣಗೆರೆಯಿಂದ ಒಬ್ಬ ಕಂಪೌಂಡರನ ಸಂಬಂಧ ಬಂದಾಗ ಅಮ್ಮ, ನಮ್ಮ ಹುಡುಗಿ ಉಪದೇಶಿಗಳ ಮನೆಗೆ ಗೊತ್ತಾಗಿದ್ದಾಳೆ ಎಂದು ಠೀವಿಯಿಂದ ಹೇಳಿ ಕಳಿಸಿದಳು. ನಾನೂ ಠೀವಿಯಲ್ಲೇ ಇದ್ದೆ. ಕೂಟದಲ್ಲಿ ಕೀರ್ತನೆ ಎತ್ತುವಾಗ ಒಂದು ಗೋಡೆ ಆಚೆ ಕುಳಿತವರಿಗೂ ಕೇಳಲಿ ಎನ್ನುವಂತೆ ಎತ್ತುತ್ತಿದ್ದೆ.

ಕಂಟ್ರಾಕ್ಟರ್ ಎಡ್ವಿನ್ ಕೂಟಕ್ಕೆ ಬರಲು ಶುರುಮಾಡಿದ್ದು ಆಮೇಲೆ. ಹೊಸದುರ್ಗದ ಕಡೆ ಮ್ಯಾಂಗನೀಸ್ ಗಣಿಗೆ ಲಾರಿ ಓಡಿಸುತ್ತಿದ್ದ ಆಸಾಮಿ, ಸ್ವಂತ ಜೀಪು. ಮಂಡಿನೋವು ಎಂದು ಮೊದಲ ದಿನವೇ ಜೀಪಿನಿಂದ ಮಡಚುವ ಕುರ್ಚಿ ತರಿಸಿ ಚಾಪೆಯ ಪಕ್ಕ ಹಾಕಿಸಿಕೊಂಡರು. ನಿಜವಾಗಿಯೂ ಮಂಡಿನೋವಿತ್ತೋ ಏನೋ. ಒಂದು ಕುರ್ಚಿ ಬಂದ ಮೇಲೆ ಅವರ ಹೆಂಡತಿಗೆ ಒಂದು, ಮಗಳಿಗೆ ಒಂದು ಬಂತು. ಉಪದೇಶಿಗಳ ಅಂಗಿಗೆ ಆಗಲೂ ಜೇಬು ಇರಲಿಲ್ಲ, ಬಟ್ಟೆ ಮಾತ್ರ ಟೆರಿಕಾಟ್ ಆಯಿತು.

ಉಪದೇಶವೂ ನಿಧಾನಕ್ಕೆ ಬದಲಾಯಿತು. ಅಡಿಕೆ ಲಾರಿ ಯಾವಾಗ ನಿಂತುಹೋಯಿತೋ ನನಗೆ ತಿಳಿಯಲಿಲ್ಲ. ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಕಥೆ ಕೇಳದೆ ಎಷ್ಟೋ ದಿನವಾಗಿತ್ತು. ಈಗ ಅಬ್ರಹಾಮನ ಕುರಿ, ಅಬ್ರಹಾಮನ ಒಂಟೆ, ಅಬ್ರಹಾಮನ ಆಳುಕಾಳು. ದೇವರನ್ನು ನಂಬಿದವನಿಗೆ ದೇವರು ಕೊಡದೆ ಬಿಟ್ಟಾನೆಯೇ ಎಂಬ ಮಾತು. ನಾನು ಅದಕ್ಕೂ ತಲೆದೂಗಿದೆ. ಅಪ್ಪ ಮಾತ್ರ ಊಟಕ್ಕೆ ಕುಳಿತಾಗ ಹೇಳಿದರು: “ಉಪದೇಶಿಗಳು ಕುರಿ ಎಣಿಸಾಕೆ ಹತ್ಯಾರೆ. ನಮ್ ಕಡೆ ಯಾರೂ ಸುಮ್ನೆ ಕುರಿ ಎಣಿಸಲ್ಲ. ಒಂದು ಕೊಳ್ಳಾಕೆ ಎಣಿಸ್ತಾರೆ, ಇಲ್ಲ ಮಾರಾಕೆ.”

ಜಯಕರನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು. ಅಮ್ಮ ಎರಡು ಸೀರೆ ತಂದಳು. ಹೊಸ ಸತ್ಯವೇದವನ್ನು ಕೊಂಡು ತಂದು, ಮೊದಲ ಹಾಳೆಯಲ್ಲಿ ನನ್ನ ಹೆಸರು ಅವನ ಹೆಸರು ಬರೆಸಲು ಜಾಗ ಬಿಟ್ಟು ಎತ್ತಿಟ್ಟೆವು. ಉಪದೇಶಿಗಳು ಬರಲಿಲ್ಲ. ಬಂದಾಗ ಒಬ್ಬರೇ ಬಂದರು. ಮಾರ್ತಮ್ಮ ಬಂದಿಲ್ಲವೇ ಎಂದು ಅಮ್ಮ ಕೇಳಿದರೆ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತರು. ಚಹಾ ತಣ್ಣಗಾಯಿತು. ಕೊನೆಗೆ ನೆಲ ನೋಡುತ್ತಾ, ದೇವರ ಚಿತ್ತ ಬೇರೆ ಇದೆ, ಎಡ್ವಿನ್ ಅವರು ಮಗಳಿಗೆ ಜಯಕರನನ್ನು ಕೇಳಿದ್ದಾರೆ ಎಂದರು. ದೇವರು ಇದನ್ನು ಹೇಳಿದ್ದು ಜೀಪಿನ ಒಳಗೋ ಹೊರಗೋ ಎಂದು ಅಪ್ಪ ಕೇಳಿದರು. ಉಪದೇಶಿಗಳಿಗೆ ಸಿಟ್ಟು ಬರಲಿಲ್ಲ. ಯೋಬ ಎಲ್ಲ ಕಳೆದುಕೊಂಡ, ಕಡೆಗೆ ದೇವರು ಎರಡರಷ್ಟು ಕೊಟ್ಟ, ತಾನೂ ಬಹಳ ಸಹಿಸಿದ್ದೇನೆ, ಬಂದ ಆಶೀರ್ವಾದವನ್ನು ಬೇಡ ಎನ್ನುವುದೂ ಗರ್ವವೇ ಎಂದು ನಿಧಾನವಾಗಿ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. “ನಿನ್ನಂಥೋಳಿಗೆ ಲೋಕದ ಸಂಸಾರ ಯಾಕಮ್ಮ ಸುಗುಣ? ನೀನು ಸೇವೆಗೆ ಹುಟ್ಟಿದೋಳು. ಎಲ್ಲ ಬಿಟ್ಟೋಳು.”

ಮದುವೆ ಮುರಿದದ್ದಕ್ಕಿಂತ ಆ ಹೊಗಳಿಕೆ ನನಗೆ ಉರಿಯಿತು. ಅವರ ಮಗನಿಗೆ ಯೋಬನ ಎರಡರಷ್ಟು, ನನಗೆ ಸೇವೆ! ನನ್ನ ಬರಿಗೈ ಅವರಿಗೆ ಹೆಮ್ಮೆಯಾಗಿತ್ತಲ್ಲ, ಅದು ಈಗ ನನ್ನೊಬ್ಬಳ ಪಾಲಿನ ಆಶೀರ್ವಾದವಾಯಿತು. ಜಯಕರ ಒಂದು ಮಾತು ಹೇಳಲು ಬರಲಿಲ್ಲ. ಆಮೇಲೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಎದುರಾದಾಗ, ಹೊಳಲ್ಕೆರೆ ಬೋರ್ಡನ್ನು ಮೊದಲ ಸಲ ಓದುವವನ ಹಾಗೆ ಓದುತ್ತಾ ನಿಂತುಬಿಟ್ಟ.

ಮದುವೆ ನಮ್ಮ ಕೂಟದಲ್ಲೇ, ನಮ್ಮ ಶೀಟಿನ ಕೆಳಗೇ ಆಯಿತು. ಹೋಗಬೇಡ ಎಂದು ಅಪ್ಪ, ಹೋಗಲೇಬೇಕು ಎಂದು ಅಮ್ಮ. ಅವಿತುಕೊಳ್ಳುವಂಥ ತಪ್ಪು ನಾವೇನು ಮಾಡಿದ್ದೇವೆ ಎನ್ನುವುದು ಅವಳ ಮಾತು. ಮದುಮಗಳು ಪಾಪ ಚಿಕ್ಕ ಹುಡುಗಿ, ಕುತ್ತಿಗೆ ಕಾಣದಷ್ಟು ಬಂಗಾರ ಹೇರಿದ್ದರು. ಉಂಗುರವೂ ಬಂತು. ಉಪದೇಶಿಗಳು ಎದ್ದು, ಬಂಗಾರ ಪಾಪವಲ್ಲ, ಬಂಗಾರದ ಮೇಲಿನ ಮೋಹ ಪಾಪ ಎಂದು ಉಪದೇಶ ಮಾಡಿದರು. ಕೂಟದ ಹೆಂಗಸರೆಲ್ಲ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದರು. ಕೀರ್ತನೆಯ ಹೊತ್ತಾಯಿತು. ಎಲ್ಲರೂ ನಾನು ಎತ್ತಲಿ ಎಂದು ಕಾದರು. ನಾನು ಎತ್ತಲಿಲ್ಲ. ಉಪದೇಶಿಗಳು ನನ್ನ ಮುಖ ನೋಡಿದರು, ಬೇಡಿಕೊಳ್ಳುವವರ ಹಾಗೆ ನೋಡಿದರು. ಬಿಸಿಲಿಗೆ ಶೀಟು ಟಿಕ್ ಟಿಕ್ ಎನ್ನುವುದು ಮಾತ್ರ ಕೇಳುತ್ತಿತ್ತು. ಕಡೆಗೆ ಎಡ್ವಿನ್ ಕಡೆಯವರೇ ಯಾವುದೋ ಇಂಗ್ಲಿಷ್ ಹಾಡು ಹಾಡಿ ಮುಗಿಸಿದರು.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಬೇಗ ಬೇಗ ಹೆಜ್ಜೆ ಹಾಕಿದಳು. ಮಿಲ್ಲಿನ ತಿರುವು ದಾಟಿದ ಮೇಲೆ, “ಬಂಗಾರ ಪಾಪ ಅಲ್ಲ ಅಂತ ಇವತ್ತು ಗೊತ್ತಾತೇನೋ ಅವ್ರಿಗೆ. ಒಂಚೂರು ಮೊದ್ಲೇ ಗೊತ್ತಾಗಿದ್ರೆ ನಮ್ಗೂ ಹೇಳ್ತಿದ್ರು,” ಎಂದಳು. ವ್ಯಂಗ್ಯಕ್ಕೆ ಹೇಳಿದಳೋ, ನಂಬಿಯೇ ಹೇಳಿದಳೋ ನನಗೆ ಇವತ್ತಿಗೂ ತಿಳಿಯದು. ನಾವು ಆ ಕೂಟಕ್ಕೆ ಮತ್ತೆ ಹೋಗಲಿಲ್ಲ.

ನನಗೆ ಹೊಳಲ್ಕೆರೆಗೆ ವರ್ಗವಾಯಿತು. ಅಡಿಕೆ ಮಂಡಿಯ ಯಾರ್ಡಿನ ಹಿಂದೆ ಒಂದು ಕೋಣೆ ಹಿಡಿದು ಅಲ್ಲೇ ಉಳಿದೆ. ಒಂದೆರಡು ಸಂಬಂಧ ಬಂದವು, ಮಾತು ಬಂಗಾರದವರೆಗೆ ಬಂದು ನಿಂತುಹೋದವು. ನಾನೂ ಹಠ ಬಿಡಲಿಲ್ಲ. ನೀರಿನಂಚಿನಲ್ಲಿ ಒಮ್ಮೆ ಕೊಟ್ಟದ್ದನ್ನು ಮತ್ತೆ ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳುವುದೆಂದರೆ ದೇವರಿಗೆ ಮುಖ ತಿರುಗಿಸಿದ ಹಾಗೆ ಅನ್ನಿಸುತ್ತಿತ್ತು. ಉಪದೇಶಿಗಳು ಬಿದ್ದರು, ಅದು ಅವರ ದೌರ್ಬಲ್ಯ. ಅವರು ಹೇಳಿದ್ದು ಮಾತ್ರ ಸತ್ಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಎತ್ತರದಿಂದ ಬಿದ್ದವರನ್ನು ಕ್ಷಮಿಸಬಹುದು ಎಂದು ದಿನಾ ಅಭ್ಯಾಸ ಮಾಡುತ್ತಿದ್ದೆ. ಹೆಚ್ಚುಕಡಿಮೆ ಕ್ಷಮಿಸಿಯೂ ಇದ್ದೆ.

ಅವರು ತೀರಿಕೊಂಡದ್ದು ಹೊಸದುರ್ಗದಲ್ಲಿ, ಬೀಗರ ಮನೆಯ ಹಿಂದಿನ ಕೋಣೆಯಲ್ಲಿ. ಮಣ್ಣಾದ ಮೇಲೆ ಸುದ್ದಿ ಬಂತು. ಅದಕ್ಕೆ ಕೆಲವು ತಿಂಗಳ ಹಿಂದೆ, ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದಾಗ ನನ್ನ ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದರು. ತುಂಬ ಇಳಿದುಹೋಗಿದ್ದರು. ಎಡ್ವಿನ್ ಅವರು ಬೇರೆ ದೊಡ್ಡ ಸಭೆ ಸೇರಿದ್ದರು. ಹೊಸ ಲಾರಿ ತಂದಾಗ ಅದರ ಮುಂದೆ ಪ್ರಾರ್ಥನೆ ಮಾಡಲು ಮಾತ್ರ ಇವರನ್ನು ಕರೆಯುತ್ತಿದ್ದರಂತೆ. ಕೂಟದಲ್ಲಿ ಜನವೇ ಇಲ್ಲ, ನೀನು ಬಂದು ಕೀರ್ತನೆ ಎತ್ತಿದರೆ ಹಳಬರೆಲ್ಲ ಬಂದಾರು ಎಂದು ಕೇಳಲು ಅಷ್ಟು ದೂರ ಬಂದಿದ್ದರು. ನೀರು ಕೊಟ್ಟೆ, ಅನ್ನಕ್ಕಿಟ್ಟೆ. ಊಟ ಮಾಡುತ್ತಾ ಅವರು ನನ್ನ ಕಿವಿಯ ಕಡೆ, ಕೈಯ ಕಡೆ ನೋಡಿದರು.

“ಇನ್ನೂ ಹಾಕ್ಕಂಡಿಲ್ವಾ?”

ಇಲ್ಲ ಎಂದೆ.

“ಅದ್ನೆಲ್ಲ ಇನ್ನೂ ನಂಬ್ಕಂಡೇ ಇದೀಯಾ ನೀನು?”

ನನಗೆ ಮೊದಲು ಅರ್ಥವಾಗಲಿಲ್ಲ. ಅವರ ಮುಖದಲ್ಲಿ ಕೊಂಕು ಇರಲಿಲ್ಲ, ಬೆರಗು ಇತ್ತು. ನಂಬದೆ ಇದ್ದರೆ ತೆಗೆಯುತ್ತಿದ್ದೆನೇ, ನೀವೇ ಹೇಳಿದ್ದಲ್ಲವೇ ಎಂದೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು.

“ನನ್ ಹತ್ರ ಬಿಡಾಕೆ ಏನಿತ್ತು ಸುಗುಣ? ಹುಟ್ಟಿದಾಗಿಂದ ಬಡತನ. ಅದು ನಮ್ಮನ್ನ ಬಿಡ್ಲಿಲ್ಲ. ಬಿಡ್ತಿಲ್ವಲ್ಲ ಅಂತ ನಾನೇ ಅದ್ಕೊಂದು ಒಳ್ಳೆ ಹೆಸ್ರು ಇಟ್ಟೆ. ಹಂಗೆ ಹೇಳಿದ್ರೆ ಜನ ಕೈ ಮುಗೀತಿದ್ರು. ನೀವು ಇದ್ದಿದ್ದನ್ನ ಬಿಚ್ಚಿ ಕೊಡ್ತೀರಿ ಅಂತ ನಾನೇನು ಕನಸು ಕಂಡಿದ್ನಾ?”

“ಮತ್ತೆ ಟವೆಲ್ ಯಾಕೆ ಹಾಸಿದ್ರಿ?” ಎಂದು ಕೇಳಿದೆ.

ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ನೀವೆಲ್ಲ ಬಿಚ್ತಾ ಇದ್ರಿ ಕಣಮ್ಮ. ಬ್ಯಾಡ ಅಂದಿದ್ರೆ ನಾನು ಸಣ್ಣೋನಾಗ್ತಿದ್ದೆ.”

ಕೈ ತೊಳೆದುಕೊಂಡು, ನೀನು ಬರುತ್ತೀಯಾ ಎಂದು ಇನ್ನೊಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ಅವರು ಬಸ್ಸಿಗೆ ಹೊರಟುಹೋದರು. ನಾನು ಬಾಗಿಲವರೆಗೂ ಹೋಗಲಿಲ್ಲ. ಮದುವೆ ಮುರಿದ ದಿನ ನಾನು ಅತ್ತವಳಲ್ಲ. ಆವತ್ತು ಕದ ಹಾಕಿಕೊಂಡು ಅತ್ತೆ. ಸೋಪು ಹಚ್ಚಿ, ರಕ್ತ ಬಂದರೂ ನಗುತ್ತಾ ಅಮ್ಮ ದೇವರಿಗೆ ಬಿಚ್ಚಿಕೊಟ್ಟಳಲ್ಲ, ಅದನ್ನು ಅಲ್ಲಿ ಇಸಿದುಕೊಂಡವನು ದೇವರ ಮನುಷ್ಯ ಆಗಿರಲಿಲ್ಲ. ಅಷ್ಟು ಜನ ಹೆಂಗಸರ ಮುಂದೆ ಬೇಡ ಎನ್ನಲು ನಾಚಿಕೊಂಡ ಒಬ್ಬ ಬಡವ.